ಕಾಡಿನ ನೆಲದಲ್ಲಿ ಹವಳ

ಮಕ್ಕಳೇ, ಹವಳ ಎಲ್ಲಿ ಸಿಗುತ್ತದೆ? 'ಸಮುದ್ರದಲ್ಲಿ' ಎಂದು ನೀವೆಲ್ಲ ಒಂದೇ ದನಿಯಲ್ಲಿ ಹೇಳುತ್ತೀರಿ. ಆದರೆ ಮಳೆಗಾಲದಲ್ಲಿ ಮಲೆನಾಡಿನ ಕಾಡಿಗೆ ಹೋದರೆ ತರಗೆಲೆಗಳ ನಡುವೆಯೂ ಹವಳದಂಥದ್ದು ಕಾಣುತ್ತದೆ. ಬೆರಳುದ್ದ, ಕವಲು ಕವಲಾಗಿ, ಬಿಳಿ, ಹಳದಿ ಇಲ್ಲವೇ ಕಿತ್ತಳೆ ಬಣ್ಣ. ಸಮುದ್ರದ ಹವಳ ಪ್ರಾಣಿ. ಇದು ಪ್ರಾಣಿಯಲ್ಲ, ಸಸ್ಯವೂ ಅಲ್ಲ, ಶಿಲೀಂಧ್ರ. ಇದೇ ಹವಳದ ಅಣಬೆ.

ಇವುಗಳಲ್ಲಿ ಒಂದು ಕುಲದ ಹೆಸರು ರಾಮೇರಿಯ. ಲ್ಯಾಟಿನ್ ಭಾಷೆಯಲ್ಲಿ 'ರಾಮಸ್' ಎಂದರೆ ಕೊಂಬೆ. (ನಮ್ಮ ರಾಮನಿಗೂ ಇದಕ್ಕೂ ಸಂಬಂಧವಿಲ್ಲ!) ಹಿಂದೆ ಇಂಥ ಅಣಬೆಗಳಲ್ಲಿ ಹೆಚ್ಚಿನವನ್ನು ಕ್ಲವೇರಿಯ ಎಂಬ ಒಂದೇ ಕುಲಕ್ಕೆ ತುಂಬಿದ್ದರು. ಬ್ರಿಟಿಷ್ ಸಸ್ಯವಿಜ್ಞಾನಿ ಕಾರ್ನರ್ 1950ರಲ್ಲಿ ದೊಡ್ಡ ಗ್ರಂಥ ಬರೆದು ಅವನ್ನು ವಿಂಗಡಿಸಿದರು. ಭಾರತದ ಜಾತಿಗಳ ಬಗ್ಗೆ ಥಿಂಡ್ ಅವರ ಪುಸ್ತಕ 1961ರಲ್ಲಿ ಬಂತು.

ಛತ್ರಿಯಂಥ ಅಣಬೆಯ ಬೀಜಾಣುಗಳು ಛತ್ರಿಯ ಅಡಿಯಲ್ಲಿರುತ್ತವೆ. ಹವಳದ ಅಣಬೆಗೆ ಛತ್ರಿಯೇ ಇಲ್ಲ, ಕೊಂಬೆಗಳ ಮೈಮೇಲೇ ಬೀಜಾಣುಗಳು ಬೆಳೆಯುತ್ತವೆ. ಕವಲು ಹೆಚ್ಚಾದಷ್ಟೂ ಜಾಗ ಹೆಚ್ಚು.

ನಾವು ನೋಡುವುದು 'ಹಣ್ಣು' ಮಾತ್ರ. ನಿಜವಾದ ದೇಹ ಎಲೆ, ಕಟ್ಟಿಗೆ, ಮಣ್ಣಿನೊಳಗೆ ಹರಡಿದ ಬಿಳಿ ಎಳೆಗಳ ಜಾಲ. ಶಿಲೀಂಧ್ರಕ್ಕೆ ಬಾಯಿ, ಹೊಟ್ಟೆ ಇಲ್ಲ. ಆದ್ದರಿಂದ ಎಳೆಗಳು ಕಿಣ್ವಗಳನ್ನು ಹೊರಕ್ಕೆ ಸುರಿಸಿ, ಆಹಾರವನ್ನು ಹೊರಗೇ ಜೀರ್ಣಿಸಿ, ಆಮೇಲೆ ಹೀರಿಕೊಳ್ಳುತ್ತವೆ. ಕಟ್ಟಿಗೆಗೆ ಗಡಸುತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಚೆನ್ನಾಗಿ ಒಡೆಯಬಲ್ಲ ಜೀವಿಗಳು ಬಹಳ ಕಡಿಮೆ. ಅವುಗಳಲ್ಲಿ ಶಿಲೀಂಧ್ರಗಳೇ ಮುಂದು. ಹವಳದ ಅಣಬೆಗಳೆಲ್ಲ ಕೊಳೆತಿನಿಗಳಲ್ಲ. ರಾಮೇರಿಯದ ಕೆಲವು ಜಾತಿಗಳು ಕಟ್ಟಿಗೆಯನ್ನು ಕೊಳೆಸಿದರೆ, ಅನೇಕವು ಮರದ ಬೇರಿನೊಂದಿಗೆ ಕೊಡು-ಕೊಳ್ಳುವ ವ್ಯವಹಾರ ಮಾಡುತ್ತವೆ.

ಗೊಟ್ಟಿಗೆರೆಯಿಂದ ಬನ್ನೇರುಘಟ್ಟ ರಸ್ತೆಯಲ್ಲಿ ಮುಂದೆ ಹೋದರೆ ಎಲೆ ಉದುರಿಸುವ ಮರಗಳ ಕಾಡು. ಅಲ್ಲಿ ಬೇಸಿಗೆಗೆ ಮುನ್ನ ಬಿದ್ದ ತರಗೆಲೆಯನ್ನು ಮಳೆ ಬಂದ ಮೇಲೆ ಶಿಲೀಂಧ್ರ, ಬ್ಯಾಕ್ಟೀರಿಯ, ಗೆದ್ದಲುಗಳು ಮಣ್ಣಿಗೆ ಸೇರಿಸುತ್ತವೆ. ನಮ್ಮ ಬಡಾವಣೆಗಳಲ್ಲೋ ಅದೇ ಎಲೆಯನ್ನು ಗುಡಿಸಿ ಬೆಂಕಿ ಹಾಕುತ್ತಾರೆ! ಎಲೆಯಲ್ಲಿದ್ದ ಸಾರಜನಕದ ಹೆಚ್ಚು ಪಾಲು ಗಾಳಿಪಾಲು, ಹೊಗೆ ನಮ್ಮ ಶ್ವಾಸಕೋಶದ ಪಾಲು. ಕೊಳೆತಿದ್ದರೆ ನೀರು ಹಿಡಿದಿಡುವ ಕಪ್ಪು ಮಣ್ಣಾಗುತ್ತಿತ್ತು.

ಒಂದು ಎಚ್ಚರಿಕೆ: ಕಾಡಿನ ಅಣಬೆಯನ್ನು ಬಾಯಿಗೆ ಹಾಕಬೇಡಿ. ರಾಮೇರಿಯದಲ್ಲೇ ತಿನ್ನುವ ಜಾತಿಯೂ ಇದೆ, ಹೊಟ್ಟೆ ಕೆಡಿಸುವ ಜಾತಿಯೂ ಇದೆ. ನೋಡಲು ಹೆಚ್ಚು ವ್ಯತ್ಯಾಸವಿಲ್ಲ.

ಮಾಡಿ ನೋಡಿ: ಎರಡು ಕುಂಡಗಳಲ್ಲಿ ಮಣ್ಣು ತುಂಬಿ, ಪ್ರತಿಯೊಂದರಲ್ಲೂ ಹತ್ತು ಒಣ ಹೊಂಗೆ ಎಲೆ ಇಟ್ಟು, ನೆರಳಲ್ಲಿಡಿ. ಒಂದಕ್ಕೆ ಮಾತ್ರ ದಿನವೂ ನೀರು ಚಿಮುಕಿಸಿ. ವಾರಕ್ಕೊಮ್ಮೆ ಬಿಳಿ ಎಳೆಗಳನ್ನು ಹುಡುಕಿ, ಚಿತ್ರ ಬರೆಯಿರಿ, ಕೈ ತೊಳೆಯಿರಿ. ಎಲೆಯ ಹಾಳೆ ಮೊದಲು ಕರಗುತ್ತದೆಯೋ, ನರಗಳೋ? ಏಕೆ?