ದೇಹದೊಳಗಿನ ಮೂರು ಕೊಡ ನೀರು

ಕೃಷ್ಣೆಯ ದಂಡೆಗಿರುವ ಅಥಣಿ ತಾಲೂಕಿನ ಸತ್ತಿಯಂಥ ಊರುಗಳಲ್ಲಿ 2005 ಮತ್ತು 2019ರ ಮಹಾಪೂರವನ್ನು ಯಾರೂ ಮರೆತಿಲ್ಲ. ಪೂರ ಇಳಿದ ಮೇಲೆ ಕುಡಿಯುವ ನೀರು ಕೆಟ್ಟು ವಾಂತಿಭೇದಿ ಹಬ್ಬುವ ಭಯ ಇದ್ದೇ ಇರುತ್ತದೆ. ಆಗ ದವಾಖಾನೆಗೆ ಬಂದವರ ಮೊದಲ ಮಾತು, "ಡಾಕ್ಟರೇ, ಒಂದು ಸಲಾಯಿನ್ ಹಚ್ಚಿರಿ." ಆದರೆ ಬಹಳಷ್ಟು ಜನರಿಗೆ ಬೇಕಾದ ಔಷಧಿ ಮನೆಯಲ್ಲೇ ಸಿದ್ಧವಾಗುತ್ತದೆ. ಅದು ಹೇಗೆಂದು ತಿಳಿಯಲು ದೇಹದಲ್ಲಿ ನೀರು ಎಲ್ಲೆಲ್ಲಿದೆ ಎಂಬುದನ್ನು ನೋಡೋಣ.

60 ಕಿಲೋ ತೂಕದ ಗಂಡಸಿನ ದೇಹದಲ್ಲಿ ಸುಮಾರು 36 ಲೀಟರ್ ನೀರಿರುತ್ತದೆ. ಅಂದರೆ 12 ಲೀಟರಿನ ಮೂರು ಕೊಡ. ಹೆಂಗಸರಲ್ಲಿ ಇದು ತುಸು ಕಡಿಮೆ. ಹಸುಗೂಸಿನ ತೂಕದಲ್ಲಾದರೋ ಸುಮಾರು ಮುಕ್ಕಾಲು ಪಾಲು ನೀರೇ. ಈ ಮೂರರಲ್ಲಿ ಎರಡು ಕೊಡ ಜೀವಕೋಶಗಳ ಒಳಗಿವೆ, ಒಂದು ಹೊರಗಿದೆ. ಹೊರಗಿನ ಕೊಡದಲ್ಲಿ 9 ಲೀಟರ್ ಜೀವಕೋಶಗಳ ಸುತ್ತಮುತ್ತ ಇದ್ದರೆ, ರಕ್ತದಲ್ಲಿ ಹರಿಯುವುದು ಸುಮಾರು 3 ಲೀಟರ್ ಮಾತ್ರ.

ಈ ನೀರನ್ನು ಆಯಾ ಜಾಗದಲ್ಲಿ ಹಿಡಿದಿಡುವುದು ಲವಣಗಳು. ಒಳಗೆ ಪೊಟ್ಯಾಸಿಯಂ ಹೆಚ್ಚು, ಹೊರಗೆ ಸೋಡಿಯಂ ಹೆಚ್ಚು. ನಾವು ತಿನ್ನುವ ಉಪ್ಪಿನಲ್ಲಿರುವುದು ಈ ಸೋಡಿಯಮ್ಮೇ. ಲವಣ ಹೆಚ್ಚಿದ್ದ ಕಡೆಗೆ ನೀರು ಹರಿಯುತ್ತದೆ.

ವಾಂತಿಭೇದಿಯಲ್ಲಿ ನೀರಿನ ಜೊತೆಗೆ ಲವಣವೂ ಹೋಗುತ್ತದೆ. ಮೊದಲು ಬರಿದಾಗುವುದು ಹೊರಗಿನ ಕೊಡ. ರಕ್ತದ ಪ್ರಮಾಣ ಇಳಿದು ನಾಡಿ ವೇಗವಾಗುತ್ತದೆ, ಮೂತ್ರ ಕಡಿಮೆಯಾಗುತ್ತದೆ, ಕೈಕಾಲು ತಣ್ಣಗಾಗುತ್ತವೆ. ಆಗ ಬರೀ ನೀರನ್ನೇ ಕುಡಿಸುತ್ತ ಹೋದರೆ ಹೊರಗಿನ ಸೋಡಿಯಂ ಇನ್ನೂ ತೆಳುವಾಗಿ, ನೀರು ಜೀವಕೋಶಗಳೊಳಗೆ ಸೇರುತ್ತದೆ. ಮಿದುಳಿನ ಕೋಶಗಳು ಉಬ್ಬಿದರೆ ಮಂಪರು, ಫಿಟ್ಸ್ ಕೂಡ ಬರಬಹುದು.

ಹಾಗಾದರೆ ಉಪ್ಪಿನ ಜೊತೆ ಸಕ್ಕರೆ ಏಕೆ? ಭೇದಿಯಾಗುತ್ತಿರುವಾಗಲೂ ಕರುಳು ಗ್ಲೂಕೋಸನ್ನೂ ಸೋಡಿಯಮ್ಮನ್ನೂ ಜೋಡಿಯಾಗಿ ಹೀರಿಕೊಳ್ಳುತ್ತದೆ. ಅವುಗಳ ಹಿಂದೆ ನೀರೂ ಹೋಗುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲಾಯಿನ್ ಸಾಲದಾದಾಗ, ಡಾ. ದಿಲೀಪ್ ಮಹಲನಾಬಿಸ್ ಇಂಥ ದ್ರಾವಣವನ್ನೇ ಕುಡಿಸಿದರು. ಸಾವಿನ ಪ್ರಮಾಣ ಶೇಕಡಾ 30ರ ಆಸುಪಾಸಿನಿಂದ 4ಕ್ಕಿಂತ ಕೆಳಗಿಳಿಯಿತು.

ಓ.ಆರ್.ಎಸ್. ಪೊಟ್ಟಣವಿದ್ದರೆ ಅದೇ ಉತ್ತಮ. ಅದರ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪೊಟ್ಟಣವನ್ನು ಕಲಸಿರಿ. ಅದು ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾಗಿ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿರಿ. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು. ಗುಟುಕು ಗುಟುಕಾಗಿ ಕುಡಿಸಿರಿ. ವಾಂತಿಯಾದರೆ 10 ನಿಮಿಷ ತಡೆದು ಮತ್ತೆ ಕೊಡಿರಿ. 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿರಿ. ಮಗುವಿಗೆ ಎದೆಹಾಲು ನಿಲ್ಲಿಸಬೇಡಿರಿ.

ಕಣ್ಣು ಗುಳಿಬಿದ್ದು ಮಗು ಮಂಕಾಗಿದ್ದರೆ, ಕುಡಿಯಲು ಆಗದಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನವಾಗಿ ಕೆಳಗಿಳಿದರೆ, ಮೂತ್ರ ನಿಂತರೆ ಅಥವಾ ಭೇದಿಯಲ್ಲಿ ರಕ್ತ ಕಂಡರೆ ತಡಮಾಡದೆ ದವಾಖಾನೆಗೆ ಕರೆತನ್ನಿರಿ. ಸಲಾಯಿನ್ ಬೇಕಾಗುವುದು ಇಂಥ ಹೊತ್ತಿನಲ್ಲಿ. ದಾರಿಯುದ್ದಕ್ಕೂ, ಕುಡಿಯುವ ಎಚ್ಚರವಿದ್ದರೆ, ಈ ನೀರನ್ನು ಕುಡಿಸುತ್ತಲೇ ಇರಿ.