ಲೈಸೆನ್ಸ್ ರದ್ದಾದ ಮೇಲೆ ಗಾಡಿ ಓಡಿಸಿ ಕೇಸಾದರೆ

ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆಯವರಿಗೆ ಆರ್‌ಟಿಒ ಎಂದರೆ ಹೊನ್ನಾವರ. ಗಾಡಿಗಳಿಗೆ ಕೆಎ-47 ನಂಬರು. ಲೈಸೆನ್ಸ್ ರದ್ದು ಮಾಡುವ ಆದೇಶವೂ ಸಾಮಾನ್ಯವಾಗಿ ಅಲ್ಲಿಂದಲೇ ಬರುತ್ತದೆ. ಬಂದ ಮೇಲೂ ಹೆದ್ದಾರಿ 66ರಲ್ಲಿ ಆಟೋ ಓಡಿಸಿದಿರಿ, ಮೀನಿನ ಟೆಂಪೋ ಓಡಿಸಿದಿರಿ, ಪೊಲೀಸರು ಹಿಡಿದು ಕೇಸು ಹಾಕಿದರು ಎಂದುಕೊಳ್ಳಿ. ಗಾಬರಿ ಬೇಡ, ಆದರೆ ತಡಮಾಡಲೂಬೇಡಿ.

ಮೊದಲು ಕೈಯಲ್ಲಿರುವ ಕಾಗದವನ್ನು ಓದಿ. ‘ಅಮಾನತು’ ಎಂದಿದ್ದರೆ ಅದು ಇಷ್ಟು ತಿಂಗಳ ಮಟ್ಟಿಗೆ; ‘ರದ್ದು’ ಎಂದಿದ್ದರೆ ಆ ಲೈಸೆನ್ಸೇ ಹೋಯಿತು. ಅವಧಿ ಮುಗಿದು ನವೀಕರಿಸದೆ ಬಿಟ್ಟದ್ದು ಇವೆರಡೂ ಅಲ್ಲ, ಅದರ ದಾರಿ ಬೇರೆ. ಎಷ್ಟೋ ಜನ ಮೂರನ್ನೂ ‘ಕ್ಯಾನ್ಸಲ್’ ಎಂದೇ ವಕೀಲರಿಗೆ ಹೇಳುತ್ತಾರೆ. ಅಲ್ಲಿಂದಲೇ ಕೇಸು ದಾರಿ ತಪ್ಪುತ್ತದೆ.

ಮೋಟಾರು ವಾಹನ ಕಾಯ್ದೆಯ 19ನೇ ಕಲಮಿನಂತೆ ಅಧಿಕಾರಿ ನಿಮ್ಮ ಮಾತು ಕೇಳದೆ, ಕಾರಣ ಬರೆಯದೆ ಲೈಸೆನ್ಸ್ ರದ್ದು ಮಾಡುವಂತಿಲ್ಲ. ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಹಾಗಾಗಿ ಅಂಚೆ ಲಕೋಟೆಯನ್ನು ಎಸೆಯಬೇಡಿ. ಅದರ ಮೇಲಿನ ಮುದ್ರೆಯ ತಾರೀಖು ನಿಮ್ಮ ಸಾಕ್ಷಿ. ನೀವು ದುಬೈಯಲ್ಲಿದ್ದಾಗ ನೋಟಿಸು ಹಳೆಯ ವಿಳಾಸಕ್ಕೆ ಹೋಗಿದ್ದರೆ, ಪಾಸ್‌ಪೋರ್ಟಿನ ಪುಟದ ನಕಲು ಇಡಿ. ವಾದಕ್ಕೆ ಜಾಗ ಸಿಗುವುದು ಹೆಚ್ಚಾಗಿ ಇಲ್ಲೇ: ಆದೇಶ ನಿಜವಾಗಿ ತಲುಪಿತ್ತೇ, ನಿಮ್ಮ ಮಾತು ಕೇಳಿದ್ದರೇ? ಮೇಲ್ಮನವಿ ಹಾಕಿದ ಮಾತ್ರಕ್ಕೆ ಸ್ಟೇರಿಂಗ್ ಹಿಡಿಯುವಂತಿಲ್ಲ. ಅದಕ್ಕೆ ತಡೆಯಾಜ್ಞೆ ಬೇಕು.

ಇನ್ನು ಕೇಸು. ಅನರ್ಹರಾದ ಮೇಲೆ ಓಡಿಸಿದರೆ 182ನೇ ಕಲಮಿನಡಿ ಮೂರು ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ, ಅಥವಾ ಎರಡೂ. 2019ರ ತಿದ್ದುಪಡಿಗೆ ಮೊದಲು ಈ ದಂಡ 500 ರೂಪಾಯಿವರೆಗೆ ಇತ್ತು. ಹಳೆಯ ಲೆಕ್ಕ ಹಿಡಿದು ಧೈರ್ಯ ಹೇಳುವವರ ಮಾತು ಕೇಳಬೇಡಿ. ಗೊತ್ತಿದ್ದೂ ಗಾಡಿ ಕೊಟ್ಟ ಮಾಲೀಕರ ಮೇಲೂ 180ನೇ ಕಲಮಿನಡಿ ಕೇಸಾಗಬಹುದು. ಅಣ್ಣನ ಬೈಕ್ ತಂದವರು ಅಣ್ಣನಿಗೂ ವಿಷಯ ತಿಳಿಸಿ.

ನನಗೆ ಹೆಚ್ಚು ಭಯ ಹುಟ್ಟಿಸುವುದು ವಿಮೆ. ಅಪಘಾತವಾದರೆ, ಚಾಲಕ ಅನರ್ಹನಾಗಿದ್ದ ಎಂದು ಕಂಪನಿ ವಾದಿಸಬಹುದು. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೋರಿಸಿದ ದಾರಿಯಲ್ಲಿ, ಗಾಯಗೊಂಡವರಿಗೆ ಮೊದಲು ಕಂಪನಿಯೇ ಪರಿಹಾರ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲಿ ಮಾಡಲು ನ್ಯಾಯಾಲಯ ಹೇಳಬಹುದು. ಒಂದು ಆಟೋದ ದುಡಿಮೆಯಲ್ಲಿ ಅಂಥ ಸಾಲ ತೀರುವುದಿಲ್ಲ. ಆದ್ದರಿಂದ ಆದೇಶ ಇರುವಷ್ಟು ದಿನ ಗಾಡಿಯನ್ನು ಲೈಸೆನ್ಸ್ ಇರುವ ಬೇರೆಯವರ ಕೈಗೆ ಕೊಡಿ.

‘ತಪ್ಪಾಯ್ತು ಎಂದು ದಂಡ ಕಟ್ಟಿ ಮುಗಿಸಿ’ ಎಂದು ಹೇಳುವವರು ಕೋರ್ಟಿನ ಆವರಣದಲ್ಲೇ ಸಿಗುತ್ತಾರೆ. ಒಪ್ಪಿಕೊಳ್ಳುವ ಮೊದಲು ವಕೀಲರನ್ನು ಕಾಣಿ, ಏಕೆಂದರೆ ಶಿಕ್ಷೆಯ ಜೊತೆಗೆ ನ್ಯಾಯಾಲಯವೇ ಇನ್ನಷ್ಟು ಕಾಲ ಅನರ್ಹಗೊಳಿಸಬಹುದು. ದುಡ್ಡಿಲ್ಲವೆಂದು ಹಿಂಜರಿಯಬೇಡಿ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ, ಜಿಲ್ಲಾ ಪ್ರಾಧಿಕಾರ ಕಾರವಾರದಲ್ಲಿದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರು 1987ರ ಕಾನೂನು ಸೇವಾ ಕಾಯ್ದೆಯಂತೆ ಉಚಿತ ವಕೀಲರಿಗೆ ಅರ್ಹರು. ಸಹಾಯವಾಣಿ 15100. ಹೋಗುವಾಗ ಆದೇಶ, ಲಕೋಟೆ, ಸಮನ್ಸ್, ಆರ್‌ಸಿ, ವಿಮೆಯ ಪ್ರತಿ, ಆಧಾರ್ ಹಿಡಿದುಕೊಳ್ಳಿ.