ನಿಮ್ಮ ಸಿಗ್ನಲ್‌ನ ಲೆಕ್ಕ ಕೇಳುವ ಹಕ್ಕು

ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲೋ ಥಣಿಸಂದ್ರದಲ್ಲೋ ಎಂಟುನೂರು ಮನೆಗಳ ಅಪಾರ್ಟ್‌ಮೆಂಟ್ ಎದ್ದರೆ, ಬೆಳಿಗ್ಗೆ ಅಲ್ಲಿಂದ ಹೊರಡುವ ಕಾರು, ಸ್ಕೂಟರ್‌ಗಳೆಲ್ಲ ಹತ್ತಿರದ ಒಂದೆರಡು ಜಂಕ್ಷನ್‌ಗೇ ಬಂದು ಸೇರಬೇಕು. ಈಗಾಗಲೇ ತುಂಬಿರುವ ಜಂಕ್ಷನ್ ಅಷ್ಟನ್ನೂ ತಾಳಿಕೊಳ್ಳುತ್ತದೆಯೇ? ಈ ಪ್ರಶ್ನೆಗೆ ಬಿಲ್ಡರ್ ಕೊಟ್ಟ ಉತ್ತರ ಸರ್ಕಾರದ ಕಡತದಲ್ಲಿರುತ್ತದೆ. ಅದನ್ನು ತರಿಸಿ ನೋಡುವ ಹಕ್ಕು ನಿಮಗಿದೆ.

2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಂದಾಜೀಕರಣ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಮತ್ತು ಅದಕ್ಕೂ ಹೆಚ್ಚು ನಿರ್ಮಿತ ವಿಸ್ತೀರ್ಣದ ಕಟ್ಟಡ ಯೋಜನೆಗಳು ಕೆಲಸ ಶುರುವಾಗುವ ಮೊದಲೇ ಪರಿಸರ ಅನುಮತಿ ಪಡೆಯಬೇಕು. ಕರ್ನಾಟಕದಲ್ಲಿ ಸಾಮಾನ್ಯವಾಗಿ ಇದನ್ನು ಕೊಡುವುದು ರಾಜ್ಯ ಮಟ್ಟದ ಪರಿಸರ ಪರಿಣಾಮ ಅಂದಾಜೀಕರಣ ಪ್ರಾಧಿಕಾರ. ಅರ್ಜಿಯ ನಮೂನೆ 1ಎಯಲ್ಲಿ ಈಗಿನ ಸಾರಿಗೆ ಸೌಕರ್ಯ ಎಷ್ಟಿದೆ, ಯೋಜನೆಯ ಒಳಬರುವ, ಹೊರಹೋಗುವ ಜಾಗದಲ್ಲಿ ಸಂಚಾರವನ್ನು ಹೇಗೆ ನಿಭಾಯಿಸುತ್ತೀರಿ ಎಂದು ನೇರವಾಗಿ ಕೇಳಲಾಗಿದೆ. ಆದರೆ ಕಟ್ಟಡ ಯೋಜನೆಗಳಿಗೆ ಇದೇ ಅಧಿಸೂಚನೆ ಸಾರ್ವಜನಿಕ ಅಹವಾಲು ಸಭೆಯಿಂದ ವಿನಾಯಿತಿ ಕೊಟ್ಟಿದೆ. ಅಕ್ಕಪಕ್ಕದವರನ್ನು ಕರೆದು ಕೇಳುವವರಿಲ್ಲ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಹಾಗಾಗಿ ನಾವೇ ಮುಂದಾಗಿ ಹೋಗಬೇಕು. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಅರ್ಜಿಯೂ ಅದನ್ನು ಪರಿಶೀಲಿಸುವ ತಜ್ಞರ ಸಮಿತಿಯ ಸಭೆಯ ಕಾರ್ಯಸೂಚಿಯೂ ಸಿಗುತ್ತವೆ. ಸಭೆಗೆ ಮೊದಲೇ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳಿ.

ಇನ್ನು ಬಿಲ್ಡರ್ ಸಲ್ಲಿಸಿದ ಸಂಚಾರ ಅಧ್ಯಯನ ವರದಿಯನ್ನು ಓದುವ ಬಗೆ. ಸಂಚಾರದ ಸೇವಾಮಟ್ಟಕ್ಕೆ ಅತ್ಯುತ್ತಮವಾದ 'ಎ'ಯಿಂದ ತೀರಾ ಕೆಟ್ಟದಾದ 'ಎಫ್'ವರೆಗೆ ದರ್ಜೆ ಕೊಡುತ್ತಾರೆ. ರಸ್ತೆಯಾದರೆ, ಅದರಲ್ಲಿ ಹೋಗುವ ವಾಹನಗಳ ಪ್ರಮಾಣವನ್ನು ರಸ್ತೆಯ ಸಾಮರ್ಥ್ಯದಿಂದ ಭಾಗಿಸುತ್ತಾರೆ. ಜಂಕ್ಷನ್‌ನಲ್ಲಿ ನೋಡಬೇಕಾದದ್ದು ಒಂದು ವಾಹನ ಸರಾಸರಿ ಎಷ್ಟು ಸೆಕೆಂಡ್ ಕಾಯುತ್ತದೆ ಎಂಬುದು. ಅಮೆರಿಕದ ರಸ್ತೆ ಸಾಮರ್ಥ್ಯ ಕೈಪಿಡಿಯಂತೆ ಸಿಗ್ನಲ್‌ನಲ್ಲಿ 80 ಸೆಕೆಂಡ್ ದಾಟಿದರೆ 'ಎಫ್'. ಕೇಂದ್ರ ರಸ್ತೆ ಸಂಶೋಧನಾ ಸಂಸ್ಥೆ 2017ರಲ್ಲಿ ನಮ್ಮ ದೇಶದ ಸಂಚಾರಕ್ಕೆಂದೇ ಪ್ರತ್ಯೇಕ ಕೈಪಿಡಿ ತಂದಿದೆ.

ರಸ್ತೆಯ ದರ್ಜೆಯನ್ನಷ್ಟೇ ತೋರಿಸಿ ಜಂಕ್ಷನ್ ವಿಚಾರ ಬಿಟ್ಟ ವರದಿ ಅರ್ಧ ವರದಿ. ಯಾಕೆಂದು ಒಂದು ಉದಾಹರಣೆ ಹಾಕಿ ನೋಡೋಣ. ಒಂದು ದಿಕ್ಕಿನಲ್ಲಿ ರಸ್ತೆಯ ಸಾಮರ್ಥ್ಯ ಗಂಟೆಗೆ 1,800, ಹೋಗುವ ವಾಹನ 1,000 ಎಂದಿಟ್ಟುಕೊಳ್ಳಿ. ಅನುಪಾತ ಸುಮಾರು 0.56, ದರ್ಜೆ 'ಸಿ', ಕಾಗದದ ಮೇಲೆ ತೊಂದರೆಯೇ ಇಲ್ಲ. ಅದೇ ರಸ್ತೆ ಸಿಗ್ನಲ್‌ಗೆ ಬಂದಾಗ, ಹಸಿರು ದೀಪ ಒಂದೇ ಸಮನೆ ಉರಿದರೆ ಗಂಟೆಗೆ 3,600 ವಾಹನ ದಾಟಬಹುದು ಎನ್ನೋಣ. ಆದರೆ 160 ಸೆಕೆಂಡಿನ ಸುತ್ತಿನಲ್ಲಿ ನಮ್ಮ ಪಾಲಿಗೆ ಹಸಿರು ಬರುವುದು 40 ಸೆಕೆಂಡ್ ಮಾತ್ರ. ಅಂದರೆ ದಾಟುವುದು 900. ಗಂಟೆ ಕಳೆಯುವಷ್ಟರಲ್ಲಿ 100 ವಾಹನ ಸಾಲಿನಲ್ಲೇ ಉಳಿದಿರುತ್ತವೆ, ಹೊಸ ಅಪಾರ್ಟ್‌ಮೆಂಟಿನ ಒಂದು ಕಾರೂ ಇನ್ನೂ ಬರುವ ಮೊದಲೇ.

ಎಣಿಕೆಯ ಹಾಳೆಯನ್ನೂ ಬಿಡಬೇಡಿ. ಶಾಲೆಗಳಿಗೆ ರಜೆಯಿದ್ದಾಗ ಎಣಿಸಿದ್ದರೆ ಅದನ್ನು ಒಪ್ಪಬೇಕಾಗಿಲ್ಲ. ಎಲ್ಲ ವಾಹನಗಳನ್ನೂ ಕಾರಿನ ಲೆಕ್ಕಕ್ಕೆ ತರುವಾಗ ಭಾರತೀಯ ರಸ್ತೆ ಕಾಂಗ್ರೆಸ್‌ನ 1990ರ ಮಾರ್ಗಸೂಚಿಯಂತೆ ದ್ವಿಚಕ್ರ ವಾಹನಗಳು ಶೇ. 5ರಷ್ಟಿದ್ದರೆ ಒಂದಕ್ಕೆ 0.5, ಶೇ. 10 ಅಥವಾ ಹೆಚ್ಚಿದ್ದರೆ 0.75 ಹಿಡಿಯಬೇಕು. ಸ್ಕೂಟರ್, ಬೈಕುಗಳೇ ತುಂಬಿರುವ ನಮ್ಮ ರಸ್ತೆಗಳಲ್ಲಿ 0.5 ಹಿಡಿದ ವರದಿ ದಟ್ಟಣೆಯನ್ನು ಕಡಿಮೆ ತೋರಿಸುತ್ತದೆ. ನೀವೇ ನಾಲ್ಕು ಜನ ನೆರೆಹೊರೆಯವರು ಸೇರಿ, ಸಂಚಾರಕ್ಕೆ ಅಡ್ಡಿಯಾಗದಂತೆ ಫುಟ್‌ಪಾತ್ ಮೇಲೆ ನಿಂತು, ಬೆಳಿಗ್ಗೆ 8ರಿಂದ 10ರವರೆಗೆ ತಿರುವುವಾರು ಎಣಿಸಿ. ಮೊಬೈಲ್‌ನಲ್ಲಿ ದಿನಾಂಕ, ವೇಳೆ ಕಾಣುವ ವಿಡಿಯೊ ತೆಗೆದಿಟ್ಟರೆ ಆಕ್ಷೇಪಣೆಗೆ ಬಲ ಬರುತ್ತದೆ.

ವರದಿ ಜಾಲತಾಣದಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿ ಪ್ರಾಧಿಕಾರದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಂದಿಗೆ ಕನ್ನಡದಲ್ಲೇ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಹೀಗೆ ಬರೆಯಬಹುದು: "ಈ ಯೋಜನೆಯ ಸಂಚಾರ ಅಧ್ಯಯನ ವರದಿ, ಎಣಿಕೆಯ ದಿನಾಂಕ ಮತ್ತು ವೇಳೆಯಿರುವ ಮೂಲ ಹಾಳೆಗಳು, ಪರಿಸರ ಅನುಮತಿ ಪತ್ರ, ಸಂಚಾರ ನಿರ್ವಹಣಾ ಯೋಜನೆಯನ್ನು ದೃಢೀಕರಿಸಿದ ಇಲಾಖೆಗಳ ಪತ್ರ, ಇವುಗಳ ದೃಢೀಕೃತ ಪ್ರತಿ ಒದಗಿಸಿ." 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲೂ ಪರಿಹಾರ ಸಿಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ.

ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಕೊನೆಯ ಪತ್ರವನ್ನು ಕೇಳಿದ್ದಕ್ಕೆ ಕಾರಣವಿದೆ. ಕೇಂದ್ರ ಪರಿಸರ ಸಚಿವಾಲಯದ ಮಾದರಿ ಷರತ್ತುಗಳಲ್ಲಿ ಒಂದು ಹೀಗಿದೆ: ಯೋಜನೆಯ ಸುತ್ತ 5 ಕಿಲೋಮೀಟರ್ ಒಳಗಿನ ರಸ್ತೆಗಳ ಈಗಿನ ಸೇವಾಮಟ್ಟ ಯೋಜನೆ ಮುಗಿದ ಮೇಲೂ ಕುಸಿಯಬಾರದು, ಸುಧಾರಿಸಬೇಕು. ಅದೇ ವ್ಯಾಪ್ತಿಯಲ್ಲಿ ಬರುತ್ತಿರುವ ಬೇರೆ ಕಟ್ಟಡಗಳ ಒಟ್ಟು ಪರಿಣಾಮವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇದಕ್ಕಾಗಿ ಮಾಡಿದ ಸಂಚಾರ ನಿರ್ವಹಣಾ ಯೋಜನೆಯನ್ನು ನಗರಾಭಿವೃದ್ಧಿ ಇಲಾಖೆ ಮತ್ತು ಲೋಕೋಪಯೋಗಿ ಇಲಾಖೆ ಅಥವಾ ಸಕ್ಷಮ ಪ್ರಾಧಿಕಾರ ದೃಢೀಕರಿಸಬೇಕು. ನಾಗರಿಕರ ಕೈಗೆ ಇದಕ್ಕಿಂತ ಗಟ್ಟಿಯಾದ ಹಿಡಿ ಸಿಗುವುದು ಕಷ್ಟ. ನಿಮ್ಮ ಪಕ್ಕದ ಯೋಜನೆಯ ಅನುಮತಿ ಪತ್ರದಲ್ಲಿ ಇದು ಇದೆಯೇ ಎಂದು ಮೊದಲು ನೋಡಿ. ಇದ್ದು ಪಾಲನೆಯಾಗದಿದ್ದರೆ ಷರತ್ತಿನ ಸಂಖ್ಯೆ ಬರೆದು ಪ್ರಾಧಿಕಾರಕ್ಕೆ ದೂರು ಕೊಡಿ. ಬಿಲ್ಡರ್ ವರ್ಷಕ್ಕೆರಡು ಬಾರಿ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಸಲ್ಲಿಸಬೇಕಾದ ಪಾಲನಾ ವರದಿಯಲ್ಲಿ ಈ ಷರತ್ತಿನ ಎದುರು ಏನು ಬರೆದಿದ್ದಾರೆಂಬುದನ್ನು ನಿಮ್ಮ ಎಣಿಕೆಯ ಜೊತೆ ಹೋಲಿಸಿ.

ಅನುಮತಿಯನ್ನೇ ಪ್ರಶ್ನಿಸುವುದಾದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಗಬೇಕು. 2010ರ ಅಧಿನಿಯಮದ 16ನೇ ಕಲಮಿನಂತೆ ಆದೇಶ ತಿಳಿಸಿದ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬೇಕು. ಸಕಾರಣವಿದ್ದರೆ ಇನ್ನೂ 60 ದಿನ ಸಿಗಬಹುದು, ಆಮೇಲೆ ಇಲ್ಲ. ಅನುಮತಿ ಸಿಕ್ಕಿದ್ದನ್ನು ಬಿಲ್ಡರ್ ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಆ ಜಾಹೀರಾತು ಕಂಡ ದಿನವೇ ಪತ್ರಿಕೆಯ ಪ್ರತಿಯನ್ನು ತೆಗೆದಿಡಿ, ಗಡುವಿನ ಲೆಕ್ಕಕ್ಕೆ ಬೇಕಾಗುತ್ತದೆ.